ಕಿನ್ನರಿಯ ಬುರುಡೆಗೆ ಕಟ್ಟಿದ ಚೀಲ

“ಗುರುಗಳೇ, ಹಳೆಯ ವಾದ್ಯದಲ್ಲಿ ಹೊಸ ಹಾಡು ನುಡಿಸುವುದು ತಪ್ಪೇ?” ಎಂದು ಕೊಟ್ರೇಶ ಕೇಳಿದ.

ಬೆಳಗಿನ ಪಾಠ ಮುಗಿದಿತ್ತು. ಗುರುಗಳು ತಮ್ಮ ಕಿನ್ನರಿಯನ್ನು ಚಾಪೆಯ ಮೇಲೆ ಮಲಗಿಸಿ, ಪಕ್ಕದಲ್ಲಿ ಸಣ್ಣ ಕೆಂಡದ ಮೇಲೆ ಜೇನುಮೇಣ ಕಾಯಿಸುತ್ತಿದ್ದರು. ಬಿಸಿಲಿಗೆ ಹಳೆಯ ಮೇಣ ಬಿರುಕು ಬಿಟ್ಟಿತ್ತು. ಸ್ವರ ಹಿಡಿಯುವ ಮೆಟ್ಟುಗಳನ್ನೆಲ್ಲ ಕಿತ್ತಿಟ್ಟಿದ್ದರು, ಮತ್ತೆ ಕೂರಿಸಬೇಕಿತ್ತು. ಮರುದಿನದ ಸಭೆಯಲ್ಲಿ ಕೊಟ್ರೇಶ ಮೊದಲ ಬಾರಿಗೆ ಆ ಕಿನ್ನರಿಯನ್ನು ನುಡಿಸುವವನಿದ್ದ.

ಯಾರಿಗೋಸ್ಕರ ಕೇಳುತ್ತಿದ್ದೀಯ ಎಂದು ಗುರುಗಳು ವಿಚಾರಿಸಿದರು. ಸುಮ್ಮನೆ, ತಿಳಿದುಕೊಳ್ಳೋಣ ಅಂತ ಎಂದು ಅವನು ಹೇಳಿದ. ಅವನ ಕಿವಿ ಕೆಂಪಾಗಿತ್ತು. ಕೆಲವು ತಿಂಗಳಿಂದ ಅವನು ಒಂದು ಹಾಡು ಕಟ್ಟುತ್ತಿದ್ದ. ಹಿತ್ತಲ ಬಾವಿಯ ಬಳಿ ನಿಂತು, ನೀರು ಸೇದುವ ಸದ್ದಿನ ಮರೆಯಲ್ಲಿ ಅದನ್ನು ಗುನುಗುತ್ತಿದ್ದ. ಆ ಕಿನ್ನರಿಯಲ್ಲಿ ಹಳೆಯ ಹಾಡುಗಳನ್ನು ಬಿಟ್ಟು ಬೇರೇನನ್ನೂ ಯಾರೂ ಕೇಳಿರಲಿಲ್ಲ. ವಿಷಯ ತಿಳಿದರೆ ಗುರುಗಳು ತನ್ನನ್ನು ಹೊರಗೆ ಕಳಿಸಿಯಾರು ಎಂಬ ಭಯ ಅವನಿಗಿತ್ತು. ಗುರುಗಳು ಕೆಂಪಾದ ಕಿವಿಯನ್ನು ನೋಡಿದರು. ನೋಡದವರಂತೆ ಕತೆ ಶುರುಮಾಡಿದರು.

ಒಂದು ಊರು. ಆ ಊರಿನಲ್ಲಿ ಕಿನ್ನರಿ ಮನೆ ಎಂದು ಕರೆಸಿಕೊಳ್ಳುವ ಒಂದು ಮನೆ. ಆ ಮನೆಯಲ್ಲಿ ಒಂದು ಕಿನ್ನರಿ ಇತ್ತು. ನಮ್ಮದರ ಹಾಗೆಯೇ. ಬಿದಿರಿನ ದಂಡಿ, ಕೆಳಗೆ ಮೂರು ಸೋರೆ ಬುರುಡೆ, ಮೇಲೆ ತಂತಿ, ತಂತಿಯ ಅಡಿಯಲ್ಲಿ ಮೇಣದಲ್ಲಿ ಕೂರಿಸಿದ ಹಿತ್ತಾಳೆಯ ಮೆಟ್ಟುಗಳು. ಎಷ್ಟು ಹಳೆಯದೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಾರಣ ಪ್ರತಿಯೊಬ್ಬರೂ ಅದರ ವಯಸ್ಸನ್ನು ತಮಗೆ ತೋಚಿದಷ್ಟು ಏರಿಸಿ ಹೇಳುತ್ತಿದ್ದರು.

ಅದನ್ನು ನುಡಿಸುತ್ತಿದ್ದುದು ವರ್ಷಕ್ಕೆ ಒಂದೇ ದಿನ, ಯುಗಾದಿಯ ಬೆಳಿಗ್ಗೆ. ನುಡಿಸುತ್ತಿದ್ದುದು ಒಂದೇ ಹಾಡು. ನುಡಿಸುತ್ತಿದ್ದವನು ಆ ಮನೆಯ ಹಿರಿಯನೊಬ್ಬನೇ. ಉಳಿದ ದಿನಗಳಲ್ಲಿ ಕಿನ್ನರಿ ಗೋಡೆಯ ಮೇಲೆ ತೂಗಿಕೊಂಡಿರುತ್ತಿತ್ತು. ಬಂದವರು ಕೈ ಮುಗಿದು ಹೋಗುತ್ತಿದ್ದರು.

ಯುಗಾದಿ ಹತ್ತಿರ ಬಂದಾಗ ಹಳೆಯ ಮೇಣ ತೆಗೆದು ಹೊಸ ಮೇಣದಲ್ಲಿ ಮೆಟ್ಟು ಕೂರಿಸುತ್ತಿದ್ದರು. ಇದಕ್ಕೆ ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹಿರಿಯ ಆ ಹಾಡನ್ನು ಬಾಯಲ್ಲಿ ಹಾಡಬೇಕು. ಹಾಡು ಯಾವ ಯಾವ ಸ್ವರ ಮುಟ್ಟುತ್ತದೋ ಆ ಒಂದೊಂದು ಸ್ವರಕ್ಕೂ ಒಂದು ಮೆಟ್ಟು. ಕಂಠ ಹೇಳಬೇಕು, ಕೈ ಕೂರಿಸಬೇಕು. ಒಳ್ಳೆಯ ಪದ್ಧತಿ. ನಾನೂ ಹಾಗೆಯೇ ಮಾಡುತ್ತೇನೆ, ನೀನು ನೋಡಿದ್ದೀಯ. ಒಳ್ಳೆಯ ಪದ್ಧತಿಯೂ ಎಂಥ ಆಟ ಆಡಿಸಬಲ್ಲದು ಎಂಬುದನ್ನು ಮುಂದೆ ಕೇಳು.

ಆ ಹಾಡಿಗೆ ಒಂದು ವಿಶೇಷವಿತ್ತು. ಅದು ಏರುತ್ತ ಏರುತ್ತ ಹೋಗಿ, ಇನ್ನೇನು ತುದಿ ಮುಟ್ಟಬೇಕು ಅನ್ನುವಾಗ ನಿಂತುಬಿಡುತ್ತಿತ್ತು. ಮೊದಲ ಸಲ ಕೇಳಿದವರು ಮುಂದಕ್ಕೆ ಬಾಗಿ ಕಾಯುತ್ತಿದ್ದರು. ಹಿರಿಯ ಕಿನ್ನರಿ ಕೆಳಗಿಟ್ಟ ಮೇಲೆಯೇ ಹಾಡು ಮುಗಿಯಿತೆಂದು ಅವರಿಗೆ ತಿಳಿಯುತ್ತಿತ್ತು. ಆ ಊರಿನಲ್ಲಿ ಒಬ್ಬ ಪಂಡಿತನಿದ್ದ. ಏರುವುದು ಆಸೆ, ನಿಲ್ಲುವುದು ವೈರಾಗ್ಯ, ಇದನ್ನು ಅರಿತ ಹಿರಿಯರು ಎಷ್ಟು ದೊಡ್ಡವರು ಎಂದು ಅವನು ಪ್ರತಿ ಯುಗಾದಿಗೂ ವಿವರಿಸುತ್ತಿದ್ದ. ಹಾಡು ಮುಗಿಯಲು ಹಿಡಿಯುವುದಕ್ಕಿಂತ ಹೆಚ್ಚು ಹೊತ್ತು ಅವನ ವಿವರಣೆ ಮುಗಿಯಲು ಹಿಡಿಯುತ್ತಿತ್ತು. ಜನ ಬೇವು ಬೆಲ್ಲ ಕೈಯಲ್ಲಿ ಹಿಡಿದುಕೊಂಡೇ ತಲೆದೂಗುತ್ತಿದ್ದರು.

ಇನ್ನೊಂದು ಸಂಗತಿ ಇದೆ. ಕಿನ್ನರಿಯ ಮೇಲ್ತುದಿಯ ಬುರುಡೆಗೆ ಒಂದು ಬಟ್ಟೆಯ ಚೀಲ ಕಟ್ಟಿತ್ತು, ಮುಷ್ಟಿಯಷ್ಟು ದೊಡ್ಡದು. ವಾದ್ಯವನ್ನು ಎತ್ತಿದಾಗ ಅದರೊಳಗೆ ಏನೋ ಗಲಗಲ ಎನ್ನುತ್ತಿತ್ತು. ಅದು ಕಿನ್ನರಿಯ ತಾಯಿತ, ಆ ಸದ್ದು ಕಿನ್ನರಿಯ ಆಶೀರ್ವಾದ ಎಂದು ಮನೆಯವರು ನಂಬಿದ್ದರು. ವರ್ಷ ವರ್ಷವೂ ಕುಂಕುಮ ಹಚ್ಚಿ ಹಚ್ಚಿ ಬಟ್ಟೆಯ ಬಣ್ಣವೇ ಕಾಣುತ್ತಿರಲಿಲ್ಲ. ಒಳಗೆ ಏನಿದೆ ಎಂದು ಕೇಳಿದ ಮಕ್ಕಳಿಗೆ, ಬಿಚ್ಚಿದವರ ಕಣ್ಣು ಹೋಗುತ್ತದೆ ಎಂದು ಹೇಳುತ್ತಿದ್ದರು. ಕೇಳದ ಮಕ್ಕಳನ್ನು ಜಾಣರು ಎನ್ನುತ್ತಿದ್ದರು.

ಹಿರಿಯನಿಗೆ ಮಕ್ಕಳಿರಲಿಲ್ಲ. ತಮ್ಮನ ಮಗಳನ್ನು ಕೂರಿಸಿಕೊಂಡು ಕಿನ್ನರಿ ಕಲಿಸಿದ. ತನ್ನ ನಂತರ ಯುಗಾದಿಯ ದಿನ ನುಡಿಸಬೇಕಾದವಳು ಅವಳೇ. ಕಲಿಯಬೇಕಾದ ಹಾಡು ಒಂದೇ ಆದ್ದರಿಂದ ಅವಳು ಬೇಗ ಕಲಿತಳು. ಹಾಡು ಮುಗಿಯಿತು, ಬೆರಳಿನ ಆಸೆ ಮುಗಿಯಲಿಲ್ಲ. ಅವಳು ತಾನೇ ಒಂದು ಹಾಡು ಕಟ್ಟಿದಳು.

ಅದು ಜೋಕಾಲಿಯ ಹಾಡು. ಪಂಚಮಿ ಹಬ್ಬದಲ್ಲಿ ಹುಡುಗಿಯರು ಜೀಕುತ್ತಾರಲ್ಲ, ಆ ಜೋಕಾಲಿ. ಮೊದಲ ನುಡಿಯಲ್ಲಿ ಜೋಕಾಲಿ ನೆಲದ ಹತ್ತಿರವೇ ಆಡುತ್ತದೆ. ಎರಡನೆಯದರಲ್ಲಿ ಮನೆಯ ಮಾಡಿನ ಎತ್ತರ. ಮೂರನೆಯದರಲ್ಲಿ ಮರದ ತುದಿ. ಅಲ್ಲಿಂದ ಪಕ್ಕದ ಊರು ಕಾಣುತ್ತದೆ. ಅವಳು ಅದನ್ನು ಕಟ್ಟಿ ಮುಗಿಸಿದ ದಿನ ಊಟ ಮಾಡುವುದನ್ನೇ ಮರೆತಿದ್ದಳಂತೆ. ಹಾಡು ಕಟ್ಟಿದವರಿಗೆ ಅದು ಅರ್ಥವಾಗುತ್ತದೆ, ಉಳಿದವರಿಗೆ ಊಟವೇ ಅರ್ಥವಾಗುವುದು.

ಹೊಸ ಹಾಡಿಗೆ ಬೇರೆ ವಾದ್ಯಗಳಿರಲಿಲ್ಲವೇ ಎಂದು ನೀನು ಕೇಳಬಹುದು. ಇದ್ದವು. ಆ ಊರಿನಲ್ಲಿ ಒಳ್ಳೆಯ ವೀಣೆ ಇತ್ತು, ಕೊಳಲಿತ್ತು, ಹೊಸದಾಗಿ ಬಂದ ಪಿಟೀಲೂ ಇತ್ತು. ಆದರೆ ಅವಳಿಗೆ ಆ ಹಾಡು ಕಿನ್ನರಿಯ ದನಿಯಲ್ಲೇ ಬಂದಿತ್ತು. ಆ ಒಣ ಬಿದಿರಿನ ಝೇಂಕಾರ, ಆ ಬುರುಡೆಯೊಳಗಿನ ಉಸಿರು ಬೇರೆ ಯಾವ ವಾದ್ಯದಲ್ಲೂ ಇಲ್ಲ. ಬೇರೆಯದರಲ್ಲಿ ನುಡಿಸಿದರೆ ಅದು ಇನ್ನೊಂದು ಹಾಡಾಗುತ್ತದೆ. ಇದನ್ನು ಅವಳು ದೊಡ್ಡಪ್ಪನಿಗೆ ಹೇಳಿದಳು. ಯುಗಾದಿಯ ದಿನ ಇದನ್ನೂ ನುಡಿಸುತ್ತೇನೆ ಎಂದಳು.

ಹಿರಿಯ ಕೆಟ್ಟವನಲ್ಲ. ಹೆದರಿದವನು, ಅಷ್ಟೇ. ಇದು ಒಂದು ಹಾಡಿನ ವಾದ್ಯ, ಇನ್ನೊಂದು ಹಾಡು ಒಳಗೆ ಬಂದರೆ ಮೊದಲಿನದು ಎದ್ದು ಹೋಗುತ್ತದೆ ಎಂದು ಅವನು ನಂಬಿದ್ದ. ನನ್ನ ಕಾಲದಲ್ಲಿ ಹಾಗಾದರೆ ಗತಿಸಿದ ಹಿರಿಯರ ಮುಂದೆ ಯಾವ ಮುಖ ಇಟ್ಟುಕೊಂಡು ನಿಲ್ಲಲಿ ಎಂದು ಕೇಳಿದ. ಅವಳು ಬಿಡಲಿಲ್ಲ. ಬೆಳಿಗ್ಗೆ ಕೇಳಿದಳು, ಮಧ್ಯಾಹ್ನ ಕೇಳಿದಳು, ಅವನು ಎಲೆಯ ಮುಂದೆ ಕೂತಾಗ ಕೇಳಿದಳು. ಕೊನೆಗೆ ಅವನು ಒಂದು ಮಾತು ಇಟ್ಟ. ಮೇಣ ಹಾಕುವ ದಿನ ನಿನ್ನ ಹಾಡು ನುಡಿಸು. ಹೊರಗಿನ ಒಂದು ಚೂರೂ ಸೇರಿಸದೆ, ತನ್ನಲ್ಲಿ ಇರುವಷ್ಟರಲ್ಲೇ ಕಿನ್ನರಿ ಅದನ್ನು ನುಡಿದರೆ ಯುಗಾದಿಯ ದಿನ ನಿನ್ನನ್ನೇ ಕೂರಿಸುತ್ತೇನೆ. ನುಡಿಯದಿದ್ದರೆ ಇನ್ನು ಮೇಲೆ ನೀನು ಅದನ್ನು ಮುಟ್ಟಕೂಡದು, ಬೇರೆ ಯಾರಿಗಾದರೂ ಕಲಿಸುತ್ತೇನೆ.

ಅವನು ಹೇಳಿ ಮುಗಿಸುವ ಮೊದಲೇ ಅವಳು ಹೂಂ ಎಂದುಬಿಟ್ಟಳು. ಆ ವಯಸ್ಸೇ ಹಾಗೆ.

ಗುರುಗಳು ಇಲ್ಲಿ ನಿಲ್ಲಿಸಿ ಮೇಣವನ್ನು ಕಡ್ಡಿಯಿಂದ ಕಲಕಿದರು. ಅದು ಇನ್ನೂ ಗಟ್ಟಿಯಾಗಿತ್ತು. ಆಮೇಲೆ ಏನಾಯಿತು ಎಂದು ಕೊಟ್ರೇಶ ಕೇಳಿದ. ಸುಮ್ಮನೆ ತಿಳಿದುಕೊಳ್ಳಲು ಕೇಳಿದವನು ಇಷ್ಟು ಹತ್ತಿರ ಬಂದು ಕೂರಬೇಕಾಗಿರಲಿಲ್ಲ ಎಂದು ಗುರುಗಳು ನಕ್ಕರು. ಮುಂದುವರಿಸಿದರು.

ಮೇಣ ಹಾಕುವ ದಿನ ಬಂತು. ಮೊದಲು ಹಿರಿಯ ತನ್ನ ಹಾಡು ಹಾಡಿ, ಎಂದಿನ ಮೆಟ್ಟುಗಳನ್ನು ಎಂದಿನ ಜಾಗಗಳಲ್ಲಿ ಕೂರಿಸಿದ. ದಂಡಿಯ ಕೆಳಗಿನ ಅರ್ಧ ತುಂಬಿತು. ಮೇಲಿನ ಅರ್ಧ ಎಂದಿನಂತೆ ಬೋಳಾಗಿ ಉಳಿಯಿತು. ಆಮೇಲೆ ಕಿನ್ನರಿಯನ್ನು ಅವಳ ಕೈಗೆ ಕೊಟ್ಟ.

ಮೊದಲ ನುಡಿ ಸಲೀಸಾಗಿ ಬಂತು. ಇದ್ದ ಮೆಟ್ಟುಗಳೇ ಸಾಕಾದವು. ಎರಡನೆಯ ನುಡಿಯಲ್ಲಿ ಒಂದು ಸ್ವರಕ್ಕೆ ಮೆಟ್ಟು ಇರಲಿಲ್ಲ. ಅವಳು ತಂತಿಯನ್ನು ಪಕ್ಕಕ್ಕೆ ಎಳೆದು ಆ ಸ್ವರವನ್ನು ಹೊರಡಿಸಿದಳು. ಹಿರಿಯ ಹುಬ್ಬೇರಿಸಿದ. ಮನಸ್ಸಿನಲ್ಲಿ ಮೆಚ್ಚಿದ್ದನ್ನು ಮುಖದಲ್ಲಿ ತೋರಿಸಲಿಲ್ಲ. ಮೂರನೆಯ ನುಡಿ ಶುರುವಾಯಿತು. ಜೋಕಾಲಿ ಮೇಲೆ ಹೋಯಿತು. ಅವಳ ಬೆರಳೂ ಮೇಲೆ ಹೋಗಿ ತಂತಿಯನ್ನು ಒತ್ತಿತು. ಅಲ್ಲಿ ಮೆಟ್ಟೇ ಇರಲಿಲ್ಲ. ತಂತಿ ಬಿದಿರಿಗೆ ಬಡಿದು ಟಪ್ ಎಂದಿತು.

ಮತ್ತೊಮ್ಮೆ ಒತ್ತಿದಳು. ಟಪ್. ತಂತಿ ಎಳೆದು ಒಂದು ಸ್ವರವನ್ನು ಕದಿಯಬಹುದು, ಮೇಲಿನ ಸ್ಥಾಯಿಯನ್ನೇ ಕದಿಯಲು ಆಗುವುದಿಲ್ಲ. ಜೋಕಾಲಿ ಅರ್ಧದಲ್ಲಿ ನಿಂತುಹೋಯಿತು. ಹುಡುಗಿಯ ಕಣ್ಣು ತುಂಬಿತು.

ಗೆದ್ದವನು ಹಿರಿಯ. ಅವನಿಗೂ ಸಂತೋಷವಾಗಲಿಲ್ಲ. “ಅಳಬೇಡ ಮಗಳೇ. ಅದರಲ್ಲಿರೋದೇ ಅಷ್ಟು. ಇಲ್ಲದ್ದನ್ನ ಎಲ್ಲಿಂದ ತರುತ್ತೆ?” ಎಂದ.

ಅವಳು ಬೆರಳನ್ನು ತೆಗೆಯಲಿಲ್ಲ. ಬೋಳು ಬಿದಿರಿನ ಮೇಲೆ ಅದನ್ನು ಹಾಗೆಯೇ ಆಡಿಸಿದಳು. “ದೊಡ್ಡಪ್ಪಾ, ಇಲ್ಲಿ ಒಂದು ಸಲ ಬೆರಳಿಟ್ಟು ನೋಡಿ” ಎಂದಳು.

ಈಗ ಒಂದು ಕೆಲಸದ ಮಾತು. ನುಣುಪಾದ ಬಿದಿರಿಗೆ ಮೇಣ ಅಂಟುವುದಿಲ್ಲ. ಆದ್ದರಿಂದ ಮೆಟ್ಟು ಕೂರುವ ಜಾಗದಲ್ಲಿ ಚಾಕುವಿನಿಂದ ಸಣ್ಣ ಗೀರುಗಳನ್ನು ಹಾಕಿರುತ್ತಾರೆ. ನಮ್ಮದರಲ್ಲೂ ಇವೆ. ಹಿರಿಯ ಅವಳು ತೋರಿಸಿದ ಕಡೆ ಬೆರಳಿಟ್ಟ. ಎಣ್ಣೆ, ಹೊಗೆ, ಕುಂಕುಮ ಸೇರಿ ಕಪ್ಪಾಗಿದ್ದ ಆ ಬಿದಿರಿನಲ್ಲಿ ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಬೆರಳಿಗೆ ಗೀರು ಸಿಕ್ಕಿತು. ಬೆರಳು ಮೇಲೆ ಸರಿಯಿತು. ಇನ್ನೊಂದು ಗೀರು. ಅದರಾಚೆ ಇನ್ನೊಂದು. ದಂಡಿಯ ತುದಿಯವರೆಗೂ ಗೀರುಗಳಿದ್ದವು.

ಜೀವಮಾನವೆಲ್ಲ ಆ ಕಿನ್ನರಿಯನ್ನು ತೊಡೆಯ ಮೇಲೆ ಇಟ್ಟುಕೊಂಡವನು ಅವನು. ಅವನಿಗೆ ಅದು ತಿಳಿದಿರಲಿಲ್ಲ. ತಿಳಿಯುವುದಾದರೂ ಹೇಗೆ? ಹಳೆಯ ಹಾಡು ಅಲ್ಲಿಗೆ ಹೋಗುತ್ತಿರಲಿಲ್ಲ. ಹಾಡು ಹೋಗದ ಜಾಗಕ್ಕೆ ಬೆರಳು ಹೋಗುತ್ತಿರಲಿಲ್ಲ.

ಗೀರು ಇದ್ದರೆ ಮೆಟ್ಟು ಇತ್ತು. ಮೆಟ್ಟು ಇದ್ದರೆ ಅದು ಎಲ್ಲಿಗೆ ಹೋಯಿತು? ದೊಡ್ಡಪ್ಪ ಮಗಳ ಮುಖ ನೋಡಿದ. ಮಗಳು ದೊಡ್ಡಪ್ಪನ ಮುಖ ನೋಡಿದಳು. ಇಬ್ಬರೂ ಒಟ್ಟಿಗೆ ಮೇಲಿನ ಬುರುಡೆಯ ಕಡೆ ತಿರುಗಿದರು.

ಹೂಂ ಕೊಟ್ರೇಶ, ಆ ಚೀಲವೇ. ನನಗೆ ಈ ಕತೆ ಹೇಳುವಾಗಲೆಲ್ಲ ಇಲ್ಲಿಗೆ ಬಂದರೆ ಮೈ ಜುಮ್ಮೆನ್ನುತ್ತದೆ.

ಹುಡುಗಿ ಕೈ ಚಾಚಿದಳು, ಹಿಂದಕ್ಕೆ ತೆಗೆದುಕೊಂಡಳು. ಕಣ್ಣು ಹೋಗುತ್ತದೆ ಎಂದು ಕೇಳಿಕೊಂಡೇ ಬೆಳೆದವಳು. ಹಿರಿಯನಿಗಾದರೋ ಅದಕ್ಕಿಂತ ದೊಡ್ಡ ಕಷ್ಟ. ಪಂದ್ಯ ಅವನದಾಗಿತ್ತು. ಈಗ ಎದ್ದು ಹೋದರೆ ಯಾರೂ ಏನೂ ಅನ್ನುವುದಿಲ್ಲ. ಹಾಡು ಉಳಿಯುತ್ತದೆ, ತಾಯಿತ ಉಳಿಯುತ್ತದೆ, ಮನೆತನದ ಹೆಸರು ಉಳಿಯುತ್ತದೆ. ಮಗಳೊಬ್ಬಳು ಕಿನ್ನರಿ ಬಿಡುತ್ತಾಳೆ, ಅಷ್ಟೇ. ಬಿಚ್ಚಿದರೆ, ಒಳಗೆ ಬೇರೇನಾದರೂ ಇದ್ದರೆ, ಹಿರಿಯರು ಕಟ್ಟಿದ್ದನ್ನು ಕೆಡಿಸಿದವನು ತಾನಾಗುತ್ತಾನೆ. ಒಳಗೆ ಮೆಟ್ಟುಗಳೇ ಇದ್ದರೆ ಇಷ್ಟು ವರ್ಷ ಅರ್ಧ ಕಿನ್ನರಿಯನ್ನು ಪೂರ್ತಿ ಎಂದು ನಂಬಿದವನಾಗುತ್ತಾನೆ.

ಅವನು ಚೀಲವನ್ನು ಕೈಗೆ ತೆಗೆದುಕೊಂಡ. ಗಂಟು ಕಲ್ಲಾಗಿತ್ತು, ಬಿಚ್ಚಲು ಬರಲಿಲ್ಲ. ಹಲ್ಲಿನಿಂದ ಕಚ್ಚಿ ಹರಿದ. ಬಾಯೆಲ್ಲ ಕುಂಕುಮವಾಯಿತು.

ಚಾಪೆಯ ಮೇಲೆ ಹಿತ್ತಾಳೆಯ ಮೆಟ್ಟುಗಳು ಬಿದ್ದವು. ದೊಡ್ಡದರಿಂದ ಚಿಕ್ಕದರವರೆಗೆ, ಒಂದೊಂದೂ ಒಂದೊಂದು ಗೀರಿನ ಅಳತೆಗೆ ಸರಿಯಾಗಿ. ಕೊನೆಯಲ್ಲಿ ಒಂದು ಒಣ ಬೇರಿನ ತುಂಡು ಬಿತ್ತು. ಹಿರಿಯ ಅದನ್ನು ಮೂಸಿ ನೋಡಿದ. ನಾಲಿಗೆಯ ತುದಿಗೆ ಇಟ್ಟುಕೊಂಡ. ಅಷ್ಟು ವರ್ಷಗಳಾದರೂ ಅದರಲ್ಲಿ ಸ್ವಲ್ಪ ಸಿಹಿ ಉಳಿದಿತ್ತು. ಅದು ಜ್ಯೇಷ್ಠಮಧು. ಗಂಟಲು ಕಟ್ಟಿದಾಗ ಹಾಡುವವರು ಬಾಯಲ್ಲಿ ಇಟ್ಟುಕೊಳ್ಳುತ್ತಾರಲ್ಲ, ಅದೇ ಬೇರು. ಅಂದು ಬೆಳಿಗ್ಗೆ ಹಿರಿಯನೂ ಅಂಥದೇ ಒಂದು ಚೂರನ್ನು ಬಾಯಲ್ಲಿ ಇಟ್ಟುಕೊಂಡು ಬಂದಿದ್ದ.

ತಿಳಿಯಿತೇ? ಎಂದೋ ಒಂದು ಯುಗಾದಿಗೆ, ಆ ಮನೆಯ ಯಾವನೋ ಹಿರಿಯನಿಗೆ ಗಂಟಲು ಕಟ್ಟಿತ್ತು. ಮೇಲಿನ ಸ್ವರಗಳು ಬಾಯಿಂದ ಹೊರಡಲಿಲ್ಲ. ಕಂಠ ಹೇಳದಿದ್ದರೆ ಮೆಟ್ಟು ಕೂರಿಸುವಂತಿಲ್ಲ, ಪದ್ಧತಿ. ಈ ವರ್ಷ ಇಷ್ಟೇ ಇರಲಿ, ಗಂಟಲು ಸರಿಯಾದ ಮೇಲೆ ಕೂರಿಸೋಣ ಎಂದುಕೊಂಡು ಉಳಿದ ಮೆಟ್ಟುಗಳನ್ನು ಔಷಧಿಯ ಜೊತೆಗೆ ಚೀಲದಲ್ಲಿ ಹಾಕಿ, ಕಳೆದುಹೋಗದಿರಲಿ ಎಂದು ಬುರುಡೆಗೆ ಕಟ್ಟಿದ. ಗಂಟಲು ಸರಿಹೋಗಲಿಲ್ಲವೋ, ಅವನೇ ಹೋದನೋ. ಅವನ ಮಗ ಚಿಕ್ಕವನಿದ್ದಿರಬೇಕು. ಅವನಿಗೆ ಅರ್ಧ ಹಾಡೇ ಹಾಡಾಯಿತು, ಅರ್ಧ ದಂಡಿಯೇ ಕಿನ್ನರಿಯಾಯಿತು. ಒಬ್ಬನ ಗಂಟಲು ಬೇನೆ ಊರಿಗೆಲ್ಲ ವೈರಾಗ್ಯವಾಯಿತು.

ಹಿರಿಯ ನಗತೊಡಗಿದ. ಕುಂಕುಮದ ಬಾಯಿ ತೆರೆದು, ಹೊಟ್ಟೆ ಹಿಡಿದುಕೊಂಡು ನಕ್ಕ. ನಗುತ್ತ ನಗುತ್ತ ಅಳು ಬಂತು. ಇಷ್ಟು ಜನ ಇಷ್ಟು ವರ್ಷ ಬೀಗದ ಕೈಗೆ ಪೂಜೆ ಮಾಡಿ ಬಾಗಿಲ ಹೊರಗೆ ಕೂತಿದ್ದೆವಲ್ಲ ಎಂದು ಅವನಿಗೆ ಸಂಕಟವಾಯಿತು. ಆದರೆ ಆ ಸಂಕಟಕ್ಕೆ ಈಗ ಪುರುಸೊತ್ತಿರಲಿಲ್ಲ. ಮೇಣ ಬಿಸಿಯಾಗಿತ್ತು. ಆರಿದರೆ ಮತ್ತೆ ಕಾಯಿಸಬೇಕು. ಕಣ್ಣೊರಸಿಕೊಂಡು ಅವಳಿಗೆ ಹಾಡಲು ಹೇಳಿದ.

ಹುಡುಗಿ ಹಾಡಿದಳು. ಹಳೆಯ ಹಾಡಿನಲ್ಲಿ ಆ ಮೆಟ್ಟುಗಳಿಗೆ ಜಾಗ ಹೇಳುವ ಸಾಲೇ ಉಳಿದಿರಲಿಲ್ಲ. ಹೇಳಬಲ್ಲದ್ದು ಅವಳ ಹೊಸ ಹಾಡೊಂದೇ. ಜೋಕಾಲಿ ಮಾಡಿನ ಎತ್ತರಕ್ಕೆ ಹೋಯಿತು, ಹಿರಿಯ ಒಂದು ಮೆಟ್ಟು ಕೂರಿಸಿದ. ಮರದ ಕೊಂಬೆಯ ಎತ್ತರಕ್ಕೆ ಹೋಯಿತು, ಇನ್ನೊಂದು ಕೂರಿಸಿದ. ಮೇಣ ಬೆರಳು ಸುಡುತ್ತಿತ್ತು, ಅವನಿಗೆ ಅದು ಗೊತ್ತಾಗಲಿಲ್ಲ. ಹಾಡು ನಿಲ್ಲಿಸಬೇಡ ಎಂದು ತಲೆಯಲ್ಲೇ ಸನ್ನೆ ಮಾಡುತ್ತಿದ್ದ. ಅಕ್ಕಪಕ್ಕದ ಮನೆಯವರು ಬಾಗಿಲಲ್ಲಿ ಬಂದು ನಿಂತರು. ಕೊನೆಯ ಮೆಟ್ಟು ಕೊನೆಯ ಗೀರಿನ ಮೇಲೆ ಕೂತಿತು. ಮೇಣ ಬಿಗಿಯುವವರೆಗೆ ಹಿರಿಯ ತಡೆದ. ಆಮೇಲೆ ಕಿನ್ನರಿಯನ್ನು ಅವಳ ಕೈಗೆ ಕೊಟ್ಟ. ಅವಳು ತಂತಿಯನ್ನು ಒತ್ತಿ ಮೀಟಿದಳು. ಕಿನ್ನರಿ ಕೂಗಿತು. ಆ ಊರಿನಲ್ಲಿ ಬದುಕಿದ್ದ ಯಾರೂ ಕೇಳಿರದ ದನಿ ಅದು, ಸಣ್ಣದು, ಹರಿತವಾದದ್ದು, ಸಂತೋಷದಿಂದ ಒಡೆದು ಬಂದದ್ದು. ಬಾಗಿಲಲ್ಲಿ ನಿಂತಿದ್ದ ಹೆಂಗಸೊಬ್ಬಳು ತನಗೆ ಅರಿವಿಲ್ಲದೆ ಒಂದು ಹೆಜ್ಜೆ ಮುಂದೆ ಬಂದಳು.

ಹೊರಗಿನ ಒಂದು ಚೂರೂ ಸೇರಿರಲಿಲ್ಲ. ಮಾತು ಮಾತಾಗಿಯೇ ನಡೆಯಿತು.

ಯುಗಾದಿಯ ದಿನ ಹುಡುಗಿ ಜೋಕಾಲಿಯ ಹಾಡು ನುಡಿಸಿದಳು. ಅದು ಮರದ ತುದಿ ಮುಟ್ಟಿದಾಗ ಕೂತಿದ್ದವರೆಲ್ಲ ಬೆನ್ನು ನೆಟ್ಟಗೆ ಮಾಡಿಕೊಂಡರು. ಆಮೇಲೆ ಹಿರಿಯ ಕಿನ್ನರಿ ತೆಗೆದುಕೊಂಡು ಹಳೆಯ ಹಾಡು ಶುರುಮಾಡಿದ. ಏರಿದ, ಏರಿದ, ಎಂದೂ ನಿಲ್ಲುವ ಜಾಗಕ್ಕೆ ಬಂದ. ಪಂಡಿತ ಎದ್ದು ನಿಲ್ಲಲು ಶಾಲು ಸರಿಮಾಡಿಕೊಂಡ. ಹಿರಿಯನ ಕೈ ನಿಲ್ಲಲಿಲ್ಲ. ಮುಂದೆ ಹೋಯಿತು. ಹಾಡು ಅಷ್ಟು ಕಾಲದಿಂದ ಬಯಸುತ್ತಿದ್ದ ತುದಿಯನ್ನು ಮುಟ್ಟಿ, ಅಲ್ಲಿ ಒಂದು ಗಳಿಗೆ ನಿಂತು, ಕೆಳಗಿಳಿದು ಬಂತು. ಪಂಡಿತ ಶಾಲು ಹಿಡಿದುಕೊಂಡೇ ಕೂತ. ಮರುವರ್ಷದಿಂದ ಅವನು ಪೂರ್ಣಾನಂದದ ಮೇಲೆ ಮಾತಾಡತೊಡಗಿದ. ಅದೂ ಅಷ್ಟೇ ಉದ್ದವಾಗಿತ್ತಂತೆ.

ಗುರುಗಳು ಕತೆ ಮುಗಿಸಿದರು. ಕೆಂಡ ಬೂದಿ ಹೊದ್ದುಕೊಂಡಿತ್ತು.

ಹಿರಿಯ ಕೊನೆಯಲ್ಲಿ ನುಡಿಸಿದ್ದು ಹಿಂದಿನವರು ನುಡಿಸುತ್ತಿದ್ದ ಸಾಲೇ ಆಗಿತ್ತೇ ಎಂದು ಕೊಟ್ರೇಶ ಕೇಳಿದ. ಅದನ್ನು ಯಾರೂ ಹೇಳಲಾರರು, ಹೇಳಬೇಕಾದವರೆಲ್ಲ ಗಂಟಲು ಕಟ್ಟಿಕೊಂಡು ಹೋಗಿಬಿಟ್ಟಿದ್ದರು ಎಂದು ಗುರುಗಳು ಉತ್ತರಿಸಿದರು. ಹುಡುಗಿಯ ಹಾಡು ಎಷ್ಟು ಹೊಸದೋ ಅದೂ ಅಷ್ಟೇ ಹೊಸದಾಗಿದ್ದಿರಬಹುದು. ಕಿನ್ನರಿಗೆ ಅದರ ಚಿಂತೆ ಇರಲಿಲ್ಲ.

ಕೊಟ್ರೇಶ ಕಿನ್ನರಿಯ ಕಡೆ ನೋಡಿದ. ಅದರ ದಂಡಿ ಈಗ ಬೋಳಾಗಿತ್ತು. ಮೆಟ್ಟುಗಳೆಲ್ಲ ಚಾಪೆಯ ಮೇಲೆ ಸಾಲಾಗಿದ್ದವು. ಗುರುಗಳು ಮೇಣವನ್ನು ಉಗುರಿನಿಂದ ಒತ್ತಿ ನೋಡಿದರು, ಮೊದಲ ಮೆಟ್ಟನ್ನು ಕೈಗೆ ತೆಗೆದುಕೊಂಡರು, ತಲೆ ಎತ್ತದೆಯೇ ಹೇಳಿದರು:

“ಮೇಣ ಹದಕ್ಕೆ ಬಂದಿದೆ, ಬಾವಿಗೆ ಹೇಳುತ್ತಿದ್ದೆಯಲ್ಲ, ಆ ಹಾಡನ್ನು ಇಲ್ಲಿ ಹಾಡು, ಮೆಟ್ಟು ಕೂರಿಸುತ್ತೇನೆ.”